ಬುಧವಾರದ ದೇವರು

ನಾನು ಏಳನೆಯ ತರಗತಿಗೆ ಇಂಗ್ಲಿಷ್ ಮತ್ತು ಸಮಾಜ ಎರಡನ್ನೂ ಕಲಿಸುತ್ತಿದ್ದ ಕಾಲದ ಮಾತು. ಒಂದು ದಿನ ಉಕ್ತಲೇಖನಕ್ಕೆ ವಾರದ ದಿನಗಳ ಹೆಸರುಗಳನ್ನು ಕೊಟ್ಟಿದ್ದೆ. ತರಗತಿಯ ಮುಕ್ಕಾಲು ಪಾಲು ಮಕ್ಕಳು ಬುಧವಾರದಲ್ಲಿ ಎಡವಿದ್ದರು. ಬಾಯಲ್ಲಿ ‘ವೆನ್ಸ್‌ಡೇ’ ಎನ್ನುತ್ತೇವೆ. ಬರೆಯುವಾಗ ಮಾತ್ರ ನಡುವೆ ಒಂದು ‘ಡಿ’ ಬಂದು ಕುಳಿತುಕೊಳ್ಳುತ್ತದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು, “ಸಾರ್, ಓದದೇ ಇರೋ ಅಕ್ಷರಾನ ಯಾಕೆ ಬರೀಬೇಕು?” ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ದೊಡ್ಡತನವೂ ಆ ವಯಸ್ಸಿನಲ್ಲಿ ಇರಲಿಲ್ಲ. “ಹತ್ತು ಸಲ ಬರಿ, ತಾನಾಗಿಯೇ ಬರುತ್ತದೆ” ಎಂದು ಕೂರಿಸಿಬಿಟ್ಟೆ. ಮೊನ್ನೆ ಅದೇ ಹುಡುಗ ದೂರವಾಣಿಯಲ್ಲಿ ಮಾತನಾಡುತ್ತಾ, ತನ್ನ ಮಗಳು ಈಗ ಅದೇ ಪ್ರಶ್ನೆಯನ್ನು ತನಗೆ ಕೇಳುತ್ತಿದ್ದಾಳೆಂದು ನಕ್ಕ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ತಡವಾದುದಕ್ಕೆ ಬಡ್ಡಿಯೆಂಬಂತೆ ಸ್ವಲ್ಪ ದೀರ್ಘವಾಗಿದೆ.

ಆ ‘ಡಿ’ ಒಬ್ಬ ದೇವರ ಹೆಸರಿನ ಉಳಿಕೆ. ಹಳೆಯ ಇಂಗ್ಲಿಷಿನಲ್ಲಿ ಅವನು ವೋಡನ್. ಉತ್ತರದ ಸ್ಕ್ಯಾಂಡಿನೇವಿಯದಲ್ಲಿ ಓಡಿನ್. ಜರ್ಮನ್ ಸೀಮೆಯಲ್ಲಿ ವೋಟನ್. ಬುಧವಾರವೆಂದರೆ ವೋಡನ್‌ನ ದಿನ. ಗ್ರಹಗಳ ಹೆಸರಿನ ಏಳು ದಿನಗಳ ವಾರ ರೋಮನರಿಂದ ಜರ್ಮನ್ ಜನಾಂಗಗಳಿಗೆ ಬಂದಾಗ, ಅವರು ರೋಮನ್ ದೇವರುಗಳ ಜಾಗದಲ್ಲಿ ತಮ್ಮ ದೇವರುಗಳನ್ನು ಕೂರಿಸಿಕೊಂಡರು. ಮರ್ಕ್ಯುರಿಯ ದಿನ ವೋಡನ್‌ನ ದಿನವಾಯಿತು. ಅದೇ ಗ್ರಹವಾರಗಳು ಗ್ರೀಕ್ ಜ್ಯೋತಿಷದ ಜೊತೆಯಲ್ಲಿ ಪೂರ್ವಕ್ಕೂ ಪಯಣಿಸಿ ನಮ್ಮಲ್ಲಿಗೆ ಬಂದವು. ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಾಲದ ಕ್ರಿ.ಶ. 484ರ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ವಾರದ ಹೆಸರು ಕಾಣುವ ನಮ್ಮ ಅತಿ ಹಳೆಯ ಶಾಸನಗಳಲ್ಲಿ ಅದೊಂದು. ಮರ್ಕ್ಯುರಿ ಗ್ರಹಕ್ಕೆ ನಮ್ಮವರು ಬುಧನೆಂದರು. ಹೀಗೆ ನಮ್ಮ ಬುಧವಾರವೂ ಅವರ ವೋಡನ್‌ವಾರವೂ ಒಂದೇ ಮನೆಯಿಂದ ಎರಡು ದಿಕ್ಕಿಗೆ ಕೊಟ್ಟ ಹೆಣ್ಣುಮಕ್ಕಳಂತೆ.

ಇಲ್ಲೊಂದು ಎಚ್ಚರಿಕೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸರಂಥ ಮಹಾವಿದ್ವಾಂಸರೇ ಓಡಿನ್ ಮತ್ತು ಬುದ್ಧ ಒಬ್ಬರೇ ಇರಬಹುದೆಂದು ಭಾವಿಸಿದ್ದರು. ಬುಧ ಬೇರೆ, ಬುದ್ಧ ಬೇರೆ. ಓಡಿನ್ ಈ ಇಬ್ಬರೂ ಅಲ್ಲ. ಹೆಸರುಗಳ ಸಾಮ್ಯವನ್ನು ನೆಚ್ಚಿ ಇತಿಹಾಸ ಬರೆಯಹೊರಟವರು ಎಂಥವರಾದರೂ ಜಾರುತ್ತಾರೆ. ಇಂದಿಗೂ ಕೆಲವರು ಜಾರುತ್ತಲೇ ಇದ್ದಾರೆ, ಅದು ಬೇರೆ ಮಾತು.

ಈ ಓಡಿನ್ ಎಂಥ ದೇವರು? ಸ್ವರ್ಗಾಧಿಪತಿ ಎಂದೊಡನೆ ನಮಗೆ ಐರಾವತವೂ ವಜ್ರಾಯುಧವೂ ನೆನಪಾಗುತ್ತವೆ. ಓಡಿನ್ ಹಾಗಲ್ಲ. ಅಗಲ ಅಂಚಿನ ಟೋಪಿಯನ್ನು ಮುಖದ ಮೇಲೆಳೆದುಕೊಂಡು, ನೀಲಿ ನಿಲುವಂಗಿ ಹೊದ್ದು, ಬೇರೆ ಬೇರೆ ಹೆಸರು ಹೇಳಿಕೊಂಡು ಊರೂರು ಅಲೆಯುವ ಒಕ್ಕಣ್ಣಿನ ಮುದುಕ. ಒಂದು ಕಣ್ಣನ್ನು ಅವನು ಯುದ್ಧದಲ್ಲಿ ಕಳೆದುಕೊಂಡವನಲ್ಲ. ಮಿಮಿರ್ ಎಂಬಾತನ ಜ್ಞಾನದ ಬಾವಿಯಿಂದ ಒಂದು ಗುಟುಕು ನೀರಿಗಾಗಿ ತಾನಾಗಿಯೇ ಒತ್ತೆಯಿಟ್ಟವನು. ರೂನ್ ಎಂಬ ಲಿಪಿಯ ರಹಸ್ಯವನ್ನು ಅರಿಯಲು ಗಾಳಿಗೆ ತೂಗುವ ಮರದಲ್ಲಿ ಒಂಬತ್ತು ರಾತ್ರಿ, ಅನ್ನ ನೀರಿಲ್ಲದೆ, ಈಟಿಯಿಂದ ಇರಿಸಿಕೊಂಡು ನೇತಾಡಿದವನು. ತನ್ನನ್ನೇ ತನಗೆ ಬಲಿ ಕೊಟ್ಟುಕೊಂಡ ದೇವರು. ಅವನಿಗೆ ಎರಡು ಕಾಡುಕಾಗೆಗಳು: ಹುಗಿನ್, ಮುನಿನ್. ಮೊದಲನೆಯದರ ಅರ್ಥ ಚಿಂತನೆ, ಎರಡನೆಯದರದು ನೆನಪು. ಪ್ರತಿದಿನ ಬೆಳಗ್ಗೆ ಲೋಕವನ್ನೆಲ್ಲ ಸುತ್ತಿ ಬರಲು ಹಾರಿಬಿಡುತ್ತಾನೆ. ಚಿಂತನೆ ಮರಳಿ ಬರುವುದೋ ಇಲ್ಲವೋ ಎಂಬ ಭಯ ಅವನಿಗಿದೆ. ನೆನಪಿನ ಬಗೆಗಿನ ಭಯ ಅದಕ್ಕಿಂತ ಹೆಚ್ಚು. ನನ್ನ ವಯಸ್ಸಿನವರಿಗೆ ಈ ದೇವರ ಕಷ್ಟ ಚೆನ್ನಾಗಿಯೇ ಅರ್ಥವಾಗುತ್ತದೆ.

ಯುದ್ಧದಲ್ಲಿ ಮಡಿದ ವೀರರನ್ನು ಆರಿಸಿ ತನ್ನ ವಲ್ಹಾಲ್ಲಾ ಎಂಬ ಭವನದಲ್ಲಿ ಸೇರಿಸಿಕೊಳ್ಳುತ್ತಾನೆ. ಕೇಳಲು ನಮ್ಮ ವೀರಸ್ವರ್ಗದಂತಿದೆ. ಆದರೆ ನಮ್ಮ ವೀರಗಲ್ಲುಗಳಲ್ಲಿ ಅಪ್ಸರೆಯರು ಕರೆದೊಯ್ದ ವೀರನಿಗೆ ಸ್ವರ್ಗವೇ ಕೊನೆಯ ನೆಲೆ. ವಲ್ಹಾಲ್ಲಾ ಒಂದು ಸೈನ್ಯದ ಬಿಡಾರ. ಲೋಕದ ಕೊನೆಯ ಯುದ್ಧದಲ್ಲಿ ಫೆನ್ರಿರ್ ಎಂಬ ತೋಳ ತನ್ನನ್ನು ನುಂಗಲಿದೆ ಎಂಬುದು ಓಡಿನ್ನನಿಗೆ ಗೊತ್ತು. ಸೋಲು ಖಚಿತವೆಂದು ತಿಳಿದೂ ಅವನು ಸೈನ್ಯ ಕೂಡಿಸುತ್ತಿದ್ದಾನೆ. ಅದಕ್ಕಾಗಿ ತನ್ನ ಭಕ್ತರಿಗೇ ದ್ರೋಹ ಮಾಡುತ್ತಾನೆ. ಹತ್ತನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಮಡಿದ ಎರಿಕ್ ಎಂಬ ನಾರ್ವೆಯ ದೊರೆಯ ಸ್ಮರಣಾರ್ಥ ಕವಿಯೊಬ್ಬ ಕಟ್ಟಿದ ಹಾಡಿನಲ್ಲಿ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ: ಅಷ್ಟು ದೊಡ್ಡ ವೀರನಾದರೆ ಅವನಿಗೆ ಜಯವನ್ನೇಕೆ ಕೊಡಲಿಲ್ಲ? ಬೂದು ತೋಳ ದೇವತೆಗಳ ಮನೆಯತ್ತ ನೋಡುತ್ತಿದೆ, ನಾಳೆ ಏನಾಗುವುದೋ ಎಂಬ ಧಾಟಿಯಲ್ಲಿ ಓಡಿನ್ ಉತ್ತರಿಸುತ್ತಾನೆ. ಒಳ್ಳೆಯವರು ಬೇಗ ಸಾಯುವುದೇಕೆ ಎಂಬುದಕ್ಕೆ ಇಷ್ಟು ನಿರ್ದಾಕ್ಷಿಣ್ಯವಾದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.

ಆತ ನಿಜವಾಗಿಯೂ ಎಲ್ಲರ ಮುಖ್ಯ ದೇವರಾಗಿದ್ದನೇ? ಪುಸ್ತಕಗಳು ಹೌದೆನ್ನುತ್ತವೆ. ಜನರ ಹೆಸರುಗಳು ಬೇರೆಯೇ ಹೇಳುತ್ತವೆ. ಐಸ್‌ಲೆಂಡಿನ ಮೊದಲ ನಿವಾಸಿಗಳ ಹೆಸರುಗಳಲ್ಲಿ ಗುಡುಗಿನ ದೇವನಾದ ಥಾರ್‌ನ ಹೆಸರು ಹೆಜ್ಜೆಹೆಜ್ಜೆಗೂ ಸೇರಿಕೊಂಡಿದೆ. ಈ ಲೇಖನದಲ್ಲೇ ಮುಂದೆ ಒಬ್ಬ ಥೋರ್‌ಗೇರ್, ಒಬ್ಬಳು ಥೋರ್‌ಗೆರ್ಡ್ ಬರುತ್ತಾರೆ. ಓಡಿನ್ನನ ಹೆಸರನ್ನು ಮಕ್ಕಳಿಗೆ ಇಟ್ಟವರು ಇಲ್ಲವೆನ್ನುವಷ್ಟು ಅಪರೂಪ. ಅವನ ಹೆಸರಿನ ಊರುಗಳು ಡೆನ್ಮಾರ್ಕಿನಲ್ಲೂ ಇಂಗ್ಲೆಂಡಿನಲ್ಲೂ ಇವೆ. ಡೆನ್ಮಾರ್ಕಿನ ಓಡೆನ್ಸ ನಗರದ ಹೆಸರಿಗೆ ಓಡಿನ್ನನ ಪವಿತ್ರಸ್ಥಾನವೆಂದೇ ಅರ್ಥ. ಐಸ್‌ಲೆಂಡಿನಲ್ಲಿ ಅಂಥ ಊರಿಲ್ಲ. ರೈತನಿಗೆ ಮಳೆ ಬೆಳೆ ಬೇಕು, ಅದಕ್ಕೆ ಥಾರ್ ಸಾಕು. ದೊರೆಗಳಿಗೆ, ಯೋಧರಿಗೆ, ಕವಿಗಳಿಗೆ ಓಡಿನ್ ಬೇಕಾಗಿದ್ದ. ಬರವಣಿಗೆಯಲ್ಲಿ ಉಳಿಯುವುದು ದೊರೆ ಮತ್ತು ಕವಿಗಳ ದೇವರೇ ಹೊರತು ರೈತನ ದೇವರಲ್ಲ. ಆದ್ದರಿಂದ ‘ಮುಖ್ಯ ದೇವರು’ ಎಂಬ ಮಾತನ್ನು ನಾನು ಸ್ವಲ್ಪ ಉಪ್ಪು ಹಾಕಿಯೇ ಒಪ್ಪುತ್ತೇನೆ.

ಅದು ಹಾಗಿರಲಿ. ಈ ವಿಷಯವನ್ನು ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಓಡಿನ್ನನ ಬಗ್ಗೆ ನಮಗೆ ತಿಳಿದಿರುವುದನ್ನೆಲ್ಲ ಬರೆದಿಟ್ಟವರು ಯಾರು? ಹೆಚ್ಚುಕಡಿಮೆ ಎಲ್ಲರೂ ಅವನನ್ನು ನಂಬದವರು.

ಮೊದಲನೆಯವನು ರೋಮನ್ ಇತಿಹಾಸಕಾರ ಟ್ಯಾಸಿಟಸ್. ಕ್ರಿ.ಶ. 98ರಲ್ಲಿ ಜರ್ಮನ್ ಜನಾಂಗಗಳನ್ನು ಕುರಿತು ಬರೆದ ಅವನು, ಅವರು ಎಲ್ಲಕ್ಕಿಂತ ಹೆಚ್ಚಾಗಿ ಮರ್ಕ್ಯುರಿಯನ್ನು ಪೂಜಿಸುತ್ತಾರೆ, ಕೆಲವು ದಿನಗಳಲ್ಲಿ ನರಬಲಿಯನ್ನೂ ಕೊಡುತ್ತಾರೆ ಎಂದ. ದೇವರ ಸ್ವಂತ ಹೆಸರನ್ನೂ ಬರೆಯಲಿಲ್ಲ. ಎಂಟನೆಯ ಶತಮಾನದ ಪಾಲ್ ಎಂಬ ಕ್ರೈಸ್ತ ಪಾದ್ರಿ ತನ್ನ ಲೊಂಬಾರ್ಡ್ ಜನರ ಕಥೆಯೊಂದನ್ನು ಹೇಳುತ್ತಾನೆ. ಎರಡು ಪಡೆಗಳು ಯುದ್ಧಕ್ಕೆ ನಿಂತಿವೆ. ಬೆಳಗ್ಗೆ ಎದ್ದಾಗ ಯಾರನ್ನು ಮೊದಲು ನೋಡುವೆನೋ ಅವರಿಗೆ ಜಯ ಎಂದಿದ್ದಾನೆ ವೋಡನ್. ಅವನ ಹೆಂಡತಿ ಫ್ರೇಯಾಗೆ ಒಂದು ಪಡೆಯ ಮೇಲೆ ಮಮತೆ. ಆ ಕುಲದ ಹೆಂಗಸರು ತಮ್ಮ ಕೂದಲನ್ನು ಗಡ್ಡದಂತೆ ಮುಖದ ಮುಂದೆ ಇಳಿಬಿಟ್ಟುಕೊಂಡು, ವೋಡನ್ ಪೂರ್ವದ ಕಿಟಕಿಯಿಂದ ನೋಡುವ ಜಾಗದಲ್ಲಿ ನಿಲ್ಲುವಂತೆ ಹೇಳಿಕೊಟ್ಟಳು. ಆತ ಎದ್ದು ನೋಡಿ, “ಯಾರಿವರು ಉದ್ದ ಗಡ್ಡದವರು?” ಎಂದ. ಹೆಸರಿಟ್ಟವನು ಉಡುಗೊರೆಯನ್ನೂ ಕೊಡಬೇಕಲ್ಲ! ಜಯವನ್ನು ಕೊಡಬೇಕಾಯಿತು. ಲೊಂಬಾರ್ಡ್ ಎಂಬ ಹೆಸರು ಬಂದುದೇ ಹಾಗಂತೆ. ಕಥೆ ಹೇಳಿ ಮುಗಿಸಿ, ಇದೊಂದು ನಗೆಗೀಡಾದ ಕಟ್ಟುಕಥೆ ಎಂದು ಪಾಲ್ ತೀರ್ಪಿತ್ತ. ಆದರೂ ಬರೆದ. ನಗುತ್ತ ಬರೆದುದರಿಂದಲೇ ಅದು ನಮಗೆ ಸಿಕ್ಕಿತು.

ಸುಮಾರು 1075ರಲ್ಲಿ ಬ್ರೆಮೆನ್‌ನ ಆಡಂ ಎಂಬ ಪಾದ್ರಿ ಸ್ವೀಡನ್ನಿನ ಉಪ್ಸಾಲಾದ ದೇವಾಲಯವನ್ನು ವರ್ಣಿಸಿದ. ಅದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಅವನ ವರ್ಣನೆಯಲ್ಲಿಯೂ ನಡುಪೀಠದಲ್ಲಿ ಕುಳಿತವನು ಥಾರ್, ವೋಡನ್ ಪಕ್ಕದಲ್ಲಿ. ಸ್ಯಾಕ್ಸನ್ ಜನರನ್ನು ಕ್ರೈಸ್ತರನ್ನಾಗಿ ಮಾಡುವಾಗ ಹೇಳಿಸುತ್ತಿದ್ದ ದೀಕ್ಷಾವಚನವೊಂದು ಉಳಿದಿದೆ. ಅದರಲ್ಲಿ ವೋಡನ್‌ನ ಹೆಸರಿದೆ, ‘ಅವನನ್ನು ತ್ಯಜಿಸುತ್ತೇನೆ’ ಎಂದು ಹೇಳುವುದಕ್ಕಾಗಿ.

ಇದೇ ಸಾಲಿಗೆ ಸೇರಿದ ಇನ್ನೊಂದು ದಾಖಲೆ ನಮಗೆ ಹತ್ತಿರದ್ದು. 1841ರಲ್ಲಿ ಜರ್ಮನಿಯ ಮೆರ್ಸೆಬರ್ಗ್ ನಗರದ ಚರ್ಚಿನ ಗ್ರಂಥಭಂಡಾರದಲ್ಲಿ, ಒಂದು ಧಾರ್ಮಿಕ ಹಸ್ತಪ್ರತಿಯ ಖಾಲಿ ಹಾಳೆಯ ಮೇಲೆ, ಹತ್ತನೆಯ ಶತಮಾನದ ಕೈಬರಹದಲ್ಲಿ ಎರಡು ಮಂತ್ರಗಳು ಸಿಕ್ಕವು. ಒಂದರಲ್ಲಿ, ಕಾಡಿಗೆ ಹೋಗುವಾಗ ಕುದುರೆಯ ಕಾಲು ಉಳುಕುತ್ತದೆ. ದೇವಿಯರು ಮಂತ್ರ ಹಾಕುತ್ತಾರೆ. ಕೊನೆಗೆ ವೋಡನ್ ಮೂಳೆಗೆ ಮೂಳೆ, ರಕ್ತಕ್ಕೆ ರಕ್ತ ಕೂಡಲೆಂದು ಹೇಳಿ ವಾಸಿ ಮಾಡುತ್ತಾನೆ. ನಮ್ಮ ಅಥರ್ವವೇದದ ನಾಲ್ಕನೆಯ ಕಾಂಡದಲ್ಲಿ ಮುರಿದ ಅವಯವವನ್ನು ಕೂಡಿಸುವ ಸೂಕ್ತವಿದೆ. ಅಲ್ಲಿಯೂ ಮಜ್ಜೆಗೆ ಮಜ್ಜೆ, ಮೂಳೆಗೆ ಮೂಳೆ ಕೂಡಲೆಂಬ ಇದೇ ಕ್ರಮದ ಪ್ರಾರ್ಥನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಡಾಲ್ಬರ್ಟ್ ಕೂನ್ ಎಂಬ ಜರ್ಮನ್ ವಿದ್ವಾಂಸ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ. ಇಂಡೋ-ಯುರೋಪಿಯನ್ ಭಾಷೆಗಳ ಮೂಲದಲ್ಲೇ ಇಂಥ ಮಂತ್ರವಿತ್ತೋ, ಅಥವಾ ಉಳುಕಿದ ಕಾಲನ್ನು ನೋಡಿದ ಯಾವ ವೈದ್ಯನ ಬಾಯಲ್ಲಾದರೂ ಇದೇ ಮಾತು ಬರುತ್ತದೋ, ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ನನಗೆ ಆಶ್ಚರ್ಯವಾದುದು ಆ ಹಾಳೆಯನ್ನು ಕುರಿತು. ಕ್ರಿಸ್ತನ ಪ್ರಾರ್ಥನೆಗಳ ಪುಸ್ತಕದಲ್ಲಿ ವೋಡನ್‌ನ ಮಂತ್ರವನ್ನು ಬರೆದುಕೊಂಡ ಆ ಪಾದ್ರಿಗೆ, ಬಹುಶಃ, ಕುದುರೆಯ ಕಾಲೂ ಮುಖ್ಯವಾಗಿತ್ತು.

ಈಗ ಐಸ್‌ಲೆಂಡಿಗೆ ಬರೋಣ. ಓಡಿನ್ನನ ಕಥೆಗಳ ಮುಕ್ಕಾಲು ಪಾಲು ನಮಗೆ ದೊರೆತುದು ಈ ದ್ವೀಪದಿಂದ. ಕ್ರಿ.ಶ. 1000ದ ಸುಮಾರಿಗೆ ಅಲ್ಲಿನ ಜನ ಹಳೆಯ ಧರ್ಮದವರು, ಹೊಸ ಧರ್ಮದವರು ಎಂದು ಎರಡು ಪಾಲಾಗಿ, ಸಭೆ ಒಡೆದು ರಕ್ತಪಾತವಾಗುವ ಹಂತ ತಲುಪಿತು. ತೀರ್ಪನ್ನು ಕಾನೂನು ಹೇಳುವ ಅಧಿಕಾರಿ ಥೋರ್‌ಗೇರ್‌ನಿಗೆ ಬಿಟ್ಟರು. ಅವನು ಸ್ವತಃ ಹಳೆಯ ಧರ್ಮದವನು. ತನ್ನ ಬಿಡಾರಕ್ಕೆ ಹೋಗಿ, ಮುಸುಕು ಹೊದ್ದು, ಒಂದು ಹಗಲು ಒಂದು ರಾತ್ರಿ ಯಾರೊಡನೆಯೂ ಮಾತನಾಡದೆ ಮಲಗಿದ್ದ. ಎದ್ದು ಬಂದು, ಕಾನೂನು ಒಡೆದರೆ ನಾಡೂ ಒಡೆಯುತ್ತದೆ, ಎಲ್ಲರೂ ಕ್ರೈಸ್ತರಾಗತಕ್ಕದ್ದು. ಗುಟ್ಟಾಗಿ ಹಳೆಯ ಪೂಜೆ ಮಾಡುವವರಿಗೆ ಸಾಕ್ಷಿಯಿಲ್ಲದಿದ್ದರೆ ಶಿಕ್ಷೆಯಿಲ್ಲ ಎಂದ. ಕೆಲವು ವರ್ಷಗಳಲ್ಲಿ ಆ ರಿಯಾಯಿತಿಯೂ ಹೋಯಿತು. ಮುಂದೆ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಹೋಲಾರ್ ಎಂಬಲ್ಲಿನ ಬಿಷಪ್ ಯೋನ್ ವಾರಗಳಿಂದಲೂ ಹಳೆಯ ದೇವರ ಹೆಸರುಗಳನ್ನು ತೆಗೆಸಿದರೆಂದು ಹೇಳುತ್ತಾರೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಲ್ಲಿ ಬುಧವಾರ ಇಂದಿಗೂ ಓಡಿನ್ನನ ದಿನ; ಐಸ್‌ಲೆಂಡಿನಲ್ಲಿ ಮಾತ್ರ ಬರಿಯ ‘ವಾರದ ನಡುವಿನ ದಿನ’. ಕಥೆಗಳನ್ನೆಲ್ಲ ಕಾಪಾಡಿದ ನಾಡಿನಲ್ಲೇ ಅವನ ದಿನ ಇಲ್ಲವಾಯಿತು.

ಹಾಗಾದರೆ ಕಥೆಗಳು ಉಳಿದುದು ಹೇಗೆ? ಒಂದು ಪಠ್ಯಪುಸ್ತಕದಿಂದ. ಮೇಷ್ಟರಾಗಿ ಇದನ್ನು ಬರೆಯುವಾಗ ನನಗೆ ಎದೆಯುಬ್ಬಿದರೆ ನೀವು ನಗಬಾರದು. ಸ್ನೋರಿ ಸ್ಟರ್ಲುಸನ್ (1179–1241) ಐಸ್‌ಲೆಂಡಿನ ಶ್ರೀಮಂತ, ರಾಜಕಾರಣಿ, ಕವಿ, ಕ್ರೈಸ್ತ. ಅವನ ಕಾಲಕ್ಕೆ ಹೊಸ ಧರ್ಮ ಬಂದು ಇನ್ನೂರು ವರ್ಷಗಳಾಗಿದ್ದವು. ಉತ್ತರದ ಕವಿಗಳು ಯಾವ ವಸ್ತುವನ್ನೂ ನೇರವಾಗಿ ಹೆಸರಿಸುವವರಲ್ಲ. ಹಡಗೆಂದರೆ ಕಡಲ ಕುದುರೆ, ಕಾವ್ಯವೆಂದರೆ ಓಡಿನ್ನನ ಮಧು. ಏಕೆ ಮಧು? ಓಡಿನ್ ಹದ್ದಿನ ರೂಪದಲ್ಲಿ ದೈತ್ಯನ ಮನೆಯಿಂದ ಅದನ್ನು ಕದ್ದು ತಂದ ಕಥೆ ಗೊತ್ತಿದ್ದವರಿಗೆ ಮಾತ್ರ ತಿಳಿಯುವ ಮಾತು. ಕಥೆಗಳು ಮರೆತುಹೋದರೆ ಹಳೆಯ ಕಾವ್ಯವೇ ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ. ಎಳೆಯ ಕವಿಗಳ ಕೈಗೆ ಕೀಲಿ ಕೊಡಲೆಂದು ಸ್ನೋರಿ 1220ರ ಸುಮಾರಿಗೆ ‘ಎಡ್ಡಾ’ ಬರೆದ. ಅದರಲ್ಲಿ ದೇವರ ಕಥೆಗಳಿವೆ, ರೂಪಕಗಳ ವಿವರಣೆಯಿದೆ, ಕೊನೆಯಲ್ಲಿ ಛಂದಸ್ಸಿನ ಮಾದರಿ ಪದ್ಯಗಳಿವೆ. ನಮ್ಮ ನಾಗವರ್ಮನ ‘ಛಂದೋಂಬುಧಿ’ ಓದಿದವರಿಗೆ ಈ ಕೆಲಸದ ಶ್ರಮ ತಿಳಿಯುತ್ತದೆ. ಇವನ್ನು ನಂಬಬೇಡಿ, ಮರೆಯಲೂ ಬೇಡಿ ಎಂಬುದು ಅವನ ನಿಲುವು. ಓಡಿನ್ ದೇವರೇ ಅಲ್ಲ, ಟ್ರಾಯ್ ಕಡೆಯಿಂದ ಬಂದ ಒಬ್ಬ ಜಾಣ ದೊರೆ ಎಂದು ಮುನ್ನುಡಿಯಲ್ಲಿ ಹೇಳಿ, ಒಳಗೆ ಆ ದೇವರ ಕಥೆಗಳನ್ನು ಪ್ರೀತಿಯಿಂದ ಬರೆದುಕೊಂಡು ಹೋದ. 1241ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ನಾರ್ವೆಯ ದೊರೆಯ ಪರವಾಗಿ ಬಂದವರು ಅವನನ್ನು ಅವನ ಮನೆಯ ನೆಲಮಾಳಿಗೆಯಲ್ಲೇ ಕೊಂದರು.

ನಂಬಿದವರ ಸ್ವಂತ ದನಿ ಕೇಳುವುದೇ ಇಲ್ಲವೇ? ಕೇಳುತ್ತದೆ, ಅಪರೂಪಕ್ಕೆ. ಅದರಲ್ಲೊಂದು ಎಗಿಲ್ ಎಂಬ ಕವಿಯದು.

ಎಗಿಲ್ ಒರಟ, ಜಗಳಗಂಟ, ಹಲವರನ್ನು ಕೊಂದವನು. ಸುಮಾರು 960ರಲ್ಲಿ ಅವನ ಮೆಚ್ಚಿನ ಮಗ ಬೋಡ್ವರ್ ದೋಣಿ ಮುಳುಗಿ ಸತ್ತ. ಅದಕ್ಕೆ ಮುಂಚೆಯೇ ಇನ್ನೊಬ್ಬ ಮಗನನ್ನು ಜ್ವರ ಕೊಂಡೊಯ್ದಿತ್ತು. ಎಗಿಲ್ ಹೆಣವನ್ನು ಕುದುರೆಯ ಮೇಲೆ ಹೊತ್ತು ತಂದು ತನ್ನ ತಂದೆಯ ಸಮಾಧಿಯಲ್ಲಿಟ್ಟು, ಮನೆಗೆ ಬಂದು ಮಲಗುವ ಕೋಣೆಯ ಅಗುಳಿ ಹಾಕಿಕೊಂಡ. ಊಟವಿಲ್ಲ, ನೀರಿಲ್ಲ. ಮೂರನೆಯ ದಿನ ಅವನ ಹೆಂಡತಿ, ಮದುವೆಯಾಗಿ ಹೋಗಿದ್ದ ಮಗಳು ಥೋರ್‌ಗೆರ್ಡ್‌ಗೆ ಹೇಳಿಕಳುಹಿಸಿದಳು. ಮಗಳು ಬಂದವಳೇ ತಾನೂ ಉಣ್ಣುವುದಿಲ್ಲ, ಅಪ್ಪನ ಜೊತೆಯಲ್ಲೇ ಸಾಯುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಪ್ಪ ಬಾಗಿಲು ತೆರೆದ. ಸ್ವಲ್ಪ ಹೊತ್ತಿನ ಮೇಲೆ ಅವಳು ಏನನ್ನೋ ಅಗಿಯತೊಡಗಿದಳು. ಏನದು? ಕಡಲ ಪಾಚಿ, ತಿಂದರೆ ಬೇಗ ಸಾಯಬಹುದು. ಅಪ್ಪನೂ ತಿಂದ. ಉಪ್ಪಿನ ಪಾಚಿ, ದಾಹವಾಯಿತು. ನೀರು ತರಿಸಿದಳು, ಕೊಂಬಿನ ಪಾತ್ರೆಯಲ್ಲಿ ಬಂದುದು ಹಾಲು. ಕುಡಿದ ಮೇಲೆ, “ಅಯ್ಯೋ, ನಮಗೆ ಮೋಸ ಮಾಡಿದರಪ್ಪ, ಇದು ಹಾಲು!” ಎಂದಳು. ಎಗಿಲ್ ಕೋಪದಿಂದ ಕೊಂಬನ್ನು ಕಚ್ಚಿ ಮುರಿದ. ಆಗ ಮಗಳು, ಸಾಯುವ ಯೋಚನೆ ಹೇಗೂ ಕೆಟ್ಟಿತು. ಅಣ್ಣನ ಮೇಲೆ ನೀನೊಂದು ಪದ್ಯ ಕಟ್ಟುವಷ್ಟು ಕಾಲ ಬದುಕಿರೋಣ, ನಾನು ಅದನ್ನು ಕೋಲಿನ ಮೇಲೆ ಕೊರೆದಿಡುತ್ತೇನೆ, ಆಮೇಲೆ ಬೇಕಾದರೆ ಸಾಯೋಣ ಎಂದಳು. ಅವನು ಕಟ್ಟತೊಡಗಿದ. ಕಟ್ಟುತ್ತ ಕಟ್ಟುತ್ತ ಚೇತರಿಸಿಕೊಂಡ. ಪದ್ಯ ಮುಗಿದಾಗ ಎದ್ದು ಬಂದು ಮನೆಯ ಯಜಮಾನನ ಪೀಠದಲ್ಲಿ ಕುಳಿತ.

‘ಸೋನಟೊರೆಕ್’ ಎಂಬ ಆ ಪದ್ಯದಲ್ಲಿ ಎಗಿಲ್ ದೇವರನ್ನು ಕ್ಷಮಿಸುವುದಿಲ್ಲ. ಓಡಿನ್ನನೊಡನೆ ತನಗೆ ಸ್ನೇಹವಿತ್ತು, ನಂಬಿದ್ದೆ, ಅವನೇ ಮುರಿದ ಎಂದು ಆರೋಪಿಸುತ್ತಾನೆ. ಸಮುದ್ರದ ಮೇಲೆ ಕತ್ತಿ ಹಿರಿಯಲು ಸಾಧ್ಯವಿದ್ದರೆ ಹಿರಿಯುತ್ತಿದ್ದೆ ಎನ್ನುತ್ತಾನೆ. ಇಷ್ಟವಿದ್ದು ಪೂಜಿಸುತ್ತಿಲ್ಲ ಎಂದೂ ಹೇಳುತ್ತಾನೆ. ಆಮೇಲೆ ನ್ಯಾಯಸ್ಥನಂತೆ ಲೆಕ್ಕ ಹಾಕಿ, ಈ ನಷ್ಟಕ್ಕೆ ಪರಿಹಾರವೊಂದನ್ನು ಮಾತ್ರ ಅವನು ಕೊಟ್ಟಿದ್ದಾನೆ, ಅದು ದೋಷವಿಲ್ಲದ ಕಾವ್ಯಶಕ್ತಿ ಎಂದು ಒಪ್ಪುತ್ತಾನೆ. ಆ ಶಕ್ತಿಯಿಂದಲೇ ಅವನು ಆ ದೂರನ್ನು ಕಟ್ಟುತ್ತಿದ್ದಾನೆ! ನಮ್ಮಲ್ಲಿ ದೇವರನ್ನು ಬಯ್ಯುವ ಭಕ್ತಿಯೂ ಉಂಟು, ನಿಂದಾಸ್ತುತಿಯೂ ಉಂಟು. ಅಲ್ಲಿ ಬಯ್ಗುಳದ ಕೆಳಗೆ ಪ್ರೀತಿ ಇರುತ್ತದೆ. ಎಗಿಲ್‌ನಲ್ಲಿ ಪ್ರೀತಿ ಇದೆಯೆಂದು ನನಗೆ ಅನಿಸುವುದಿಲ್ಲ. ಒಬ್ಬ ಮನುಷ್ಯ ತನಗಿಂತ ಬಲಿಷ್ಠನಾದವನ ಎದುರು ಬಗ್ಗದೆ ನಿಂತು ಲೆಕ್ಕ ಕೇಳುವ ಧಾಟಿಯಿದೆ. ಮಕ್ಕಳನ್ನು ಕಳೆದುಕೊಂಡ ತಂದೆಯರನ್ನು ನಾನು ಕಂಡಿದ್ದೇನೆ. ಅವರಿಗೆ ಸಮಾಧಾನ ಹೇಳುವಾಗ ಈ ಪದ್ಯ ನನಗೆ ಗೊತ್ತಿದ್ದಿದ್ದರೆ, ಬಹುಶಃ ಕಡಿಮೆ ಮಾತನಾಡುತ್ತಿದ್ದೆ.

ಓಡಿನ್ ಮರದಲ್ಲಿ ನೇತಾಡಿದ ಕಥೆ, ನೆನಪಿನ ಕಾಗೆಯ ಕಥೆ ಬರುವ ಹಳೆಯ ಹಾಡುಗಳ ಸಂಗ್ರಹ ಇನ್ನೊಂದುಂಟು. ಅದರ ಮುಖ್ಯ ಹಸ್ತಪ್ರತಿ ಹದಿಮೂರನೆಯ ಶತಮಾನದ್ದು, ಚರ್ಮದ ಹಾಳೆಗಳದು, ಅಂಗೈಗಿಂತ ಸ್ವಲ್ಪ ದೊಡ್ಡದು. ಉಳಿದಿರುವುದು 45 ಹಾಳೆ, ನಡುವೆ ಎಂಟು ಹಾಳೆ ಕಳೆದುಹೋಗಿವೆ. 1643ರಲ್ಲಿ ಅದು ಒಬ್ಬ ಬಿಷಪ್ಪರ ಕೈಗೆ ಬಂತು (ಇಲ್ಲಿಯೂ ಬಿಷಪ್!). 1662ರಲ್ಲಿ ಅವರು ಅದನ್ನು ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಕಳುಹಿಸಿದರು. ಮುನ್ನೂರು ವರ್ಷಗಳ ನಂತರ, ಸ್ವತಂತ್ರವಾದ ಐಸ್‌ಲೆಂಡ್ ಅದನ್ನು ಮರಳಿ ಕೇಳಿತು. ಡೆನ್ಮಾರ್ಕ್ ಬಹಳ ವಾದವಿವಾದಗಳ ಮೇಲೆ ಒಪ್ಪಿತು. 1971ರ ಏಪ್ರಿಲ್ 21ರಂದು, ವಿಮಾನವನ್ನು ನೆಚ್ಚದೆ, ಡೆನ್ಮಾರ್ಕಿನ ಯುದ್ಧನೌಕೆಯೊಂದರಲ್ಲಿ ಅದನ್ನು ರೇಕ್ಯಾವಿಕ್‌ಗೆ ತಂದರು. ಸಾವಿರಾರು ಜನ ಬಂದರಿನಲ್ಲಿ ನೆರೆದಿದ್ದರು. ಒಂದು ಪುಸ್ತಕವನ್ನು ಬರಮಾಡಿಕೊಳ್ಳಲು!

ಅವನ ಹೆಸರನ್ನು ಕೆಟ್ಟ ಕೆಲಸಕ್ಕೆ ಬಳಸಿದವರೂ ಇದ್ದಾರೆ. ಹಿಟ್ಲರನ ಕಾಲದ ಜರ್ಮನಿಯಲ್ಲಿ ಜನಾಂಗದ ಅಹಂಕಾರಕ್ಕೆ ಈ ದೇವರನ್ನೂ ಈ ಲಿಪಿಯನ್ನೂ ಎಳೆದು ತಂದರು. ಆ ವಿಷಯ ಬೇರೆಯೇ ಲೇಖನವನ್ನು ಬೇಡುತ್ತದೆ.

ಕೊನೆಯದಾಗಿ ಒಂದು ಹೊಸ ಸಂಗತಿ. ಆ ಉಕ್ತಲೇಖನದ ದಿನ ನನಗೆ ಉತ್ತರ ತಿಳಿದಿದ್ದರೂ ಇದನ್ನು ಹೇಳಲು ಆಗುತ್ತಿರಲಿಲ್ಲ, ಏಕೆಂದರೆ ಆಗ ಇದು ಇನ್ನೂ ಮಣ್ಣಿನೊಳಗಿತ್ತು. 2020ರಲ್ಲಿ ಡೆನ್ಮಾರ್ಕಿನ ವಿಂಡೆಲೆವ್ ಎಂಬ ಊರಿನ ಬಳಿಯ ಹೊಲದಲ್ಲಿ, ಲೋಹಶೋಧಕ ಯಂತ್ರ ಹಿಡಿದು ಹೊರಟಿದ್ದ ಹವ್ಯಾಸಿಯೊಬ್ಬನಿಗೆ ಸುಮಾರು 800 ಗ್ರಾಂ ಚಿನ್ನದ ನಿಧಿ ಸಿಕ್ಕಿತು. ಅದರಲ್ಲಿ ಕೊರಳಿಗೆ ಧರಿಸುವ ತೆಳುವಾದ ಬಿಲ್ಲೆಗಳಿದ್ದವು. ಒಂದು ಬಿಲ್ಲೆಯ ಮೇಲೆ ಒಂದು ತಲೆ, ಒಂದು ಕುದುರೆ, ಸುತ್ತಲೂ ಸವೆದುಹೋದ ರೂನ್ ಅಕ್ಷರಗಳು. ಲಿಪಿತಜ್ಞರು ಬಹುಕಾಲ ಅದರ ಮೇಲೆ ಕುಳಿತು 2023ರಲ್ಲಿ ಓದಿ ಹೇಳಿದರು. ಐದನೆಯ ಶತಮಾನದ ಆರಂಭದ್ದು. ಓಡಿನ್ನನ ಹೆಸರನ್ನು ಬರೆದಿರುವ, ಈವರೆಗೆ ತಿಳಿದ ಅತಿ ಹಳೆಯ ಬರಹ. ಅದುವರೆಗಿನ ಹಳೆಯದಕ್ಕಿಂತ ನೂರೈವತ್ತು ವರ್ಷ ಮುಂಚಿನದು. ಯಾವ ಪಾದ್ರಿಯೂ, ಯಾವ ರೋಮನ್ನನೂ, ಯಾವ ಮೇಷ್ಟರೂ ನಡುವೆ ಇಲ್ಲ. ಚಿನ್ನದ ಮೇಲಿನ ಬರಹದಲ್ಲಿ ಒಂದು ಮಾತು ಹೀಗಿದೆ: ಇವನು ಓಡಿನ್ನನ ಮನುಷ್ಯ.